ಮೊದಲು ಕೊಂಡಿ, ಆಮೇಲೆ ಸೀರೆ

ಇಳಕಲ್ಲಿನ ಹೊಸ್ತಿಲು ಯಾವ ಗಾಡಿಯನ್ನೂ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುತ್ತಿರಲಿಲ್ಲ. ಹೆದ್ದಾರಿಯ ಪಕ್ಕ, ಮಾಲು ತಪಾಸಣೆಯ ಒಣಬಂದರಿನಲ್ಲಿ ನಿಂತಿದ್ದ ಮೂರಾಳೆತ್ತರದ ಬೂದುಬಣ್ಣದ ಕಮಾನು ಅದು. ಕೆಂಪು ಗ್ರಾನೈಟ್ ಹೇರಿದ ಲಾರಿಯೋ, ಸೀರೆಯ ಪೆಟ್ಟಿಗೆ ತುಂಬಿದ ವ್ಯಾನೋ ಅದರಡಿ ಬಂದು ನಿಂತರೆ ಸಾಕು, ಉಸಿರು ಬಿಟ್ಟು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಒಂದು ದೀಪ ಹತ್ತುತ್ತಿತ್ತು. ಹಸಿರು ಹತ್ತಿದರೆ ಆ ಮಾಲು ಮುಂಗಾರು ಒಕ್ಕೂಟದ ಇಪ್ಪತ್ತಮೂರು ದೇಶಗಳಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ಯಾವ ದೇಶದ ಯಾವ ಅಧಿಕಾರಿಯೂ ಅದನ್ನು ಮತ್ತೆ ತಡೆದು ಕೇಳುವಂತಿಲ್ಲ. ಹಳದಿ ಹತ್ತಿದರೆ ಮಾಲು ಬಂದ ದಾರಿಯಲ್ಲೇ ವಾಪಸ್ಸು.

ಮುಂಗಾರು ಗಾಳಿ ಮುಟ್ಟುವ ದೇಶಗಳೆಲ್ಲ ಕೂಡಿ ಕಟ್ಟಿಕೊಂಡ ಒಕ್ಕೂಟ ಅದು. ಮೊಜಾಂಬಿಕ್‌ನಿಂದ ಇಂಡೋನೇಷ್ಯಾದವರೆಗೆ ಒಂದೇ ಮಾರುಕಟ್ಟೆ, ಒಂದೇ ಕಾನೂನು. ಕಾನೂನೇನೋ ಒಂದೇ, ಆದರೆ ಅದರ ಪುಟಗಳು ನಲವತ್ತು ಸಾವಿರ. ಓದಿ ಮುಗಿಸಿದ ಮನುಷ್ಯ ಯಾರೂ ಇರಲಿಲ್ಲ. ಹೊಸ್ತಿಲು ಓದಿತ್ತು. ಬೆಳಕಿಗೂ ರೇಡಿಯೋ ಅಲೆಗೂ ನಡುವಿನ ಒಂದು ಜಾತಿಯ ಕಿರಣವನ್ನು ಹಾಯಿಸಿ, ಪೆಟ್ಟಿಗೆ ಬಿಚ್ಚದೆಯೇ ಒಳಗಿನ ವಸ್ತುವಿನ ಎಳೆ ಎಳೆಯನ್ನೂ ಎಣಿಸಿ, ಅದು ಯಾವ ನಿಯಮದಡಿ ಬರುತ್ತದೆಂದು ಹೇಳಿಬಿಡುತ್ತಿತ್ತು. ತಪ್ಪು ಹೇಳಿದ್ದನ್ನು ಕಂಡವರಿರಲಿಲ್ಲ. ಅಥವಾ ತಪ್ಪು ಎಂದು ತಿಳಿದರೂ ಅದರೊಡನೆ ವಾದಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ ಅನ್ನೋಣ.

ಕಮಾನಿನ ಪಕ್ಕದ ನಿಯಂತ್ರಣ ಕೊಠಡಿಯಲ್ಲಿ, ಗಾಜಿನ ಹಿಂದೆ, ಬನಶಂಕರಿ ತರಬೇತಿಗೆ ಕೂತಿದ್ದಳು. ವಯಸ್ಸು ನಲವತ್ತನಾಲ್ಕು. ಮೂವತ್ತು ವರ್ಷ ತಾಯಿಯ ಜೊತೆ ಸೀರೆಗೆ ಕೊಂಡಿ ಹಾಕಿದ ಬೆರಳುಗಳು ಈಗ ನಾಲ್ಕು ವರ್ಷದಿಂದ ಒಕ್ಕೂಟದ ಕಾನೂನಿನ ಪುಟ ತಿರುವುತ್ತಿದ್ದವು. ಓಣಿಯ ಜನ ಮೊದಮೊದಲು ನಕ್ಕರು, ಆಮೇಲೆ ಅರ್ಜಿ ಬರೆಸಿಕೊಳ್ಳಲು ಬಂದರು. ಇನ್ನು ಎರಡು ತಿಂಗಳು ಕಳೆದರೆ ಪದವಿ. ಪದವಿಯ ಬೆನ್ನಿಗೇ ಇದೇ ಕೊಠಡಿಯಲ್ಲಿ ಹೊಸ್ತಿಲಧಿಕಾರಿಯ ಕುರ್ಚಿ. ಆ ಕುರ್ಚಿಯ ಬೆನ್ನಿಗೆ ಈಗಲೇ ಒಂದು ಹಳೆಯ ಸೆರಗಿನ ತುಂಡನ್ನು ಹೊದಿಸಿ ಇಟ್ಟಿದ್ದಳು.

ಅವತ್ತು ಬೆಳಿಗ್ಗೆ ಹತ್ತಕ್ಕೆ ನೇಕಾರರ ಸಂಘದ ವ್ಯಾನು ಬಂತು. ಸಮುದ್ರದಾಚೆಯ ಮೊಂಬಾಸಾಕ್ಕೆ ಹೊರಟ ಇನ್ನೂರು ಸೀರೆ. ಒಂದು ಸೆಕೆಂಡು, ಎರಡು, ಮೂರು, ನಾಲ್ಕು. ಹಳದಿ.

“ಇದು ಎರಡನೇ ಸಲ ನೋಡ್ರಿ ಬನಕ್ಕ,” ಅಂದಳು ಕೊಠಡಿಯ ಮುಖ್ಯಸ್ಥೆ ರೇಣುಕಾ ಬೆಣ್ಣೂರ. ಹುಡುಗಿ ವಯಸ್ಸಿನಲ್ಲಿ ಹದಿನೈದು ವರ್ಷ ಚಿಕ್ಕವಳು, ಆದರೆ ಮೇಲಧಿಕಾರಿ. “ಇನ್ನೊಂದ್ ಸಲ ಹಳದಿ ಬಂತಂದ್ರ ಮುಗೀತು. ಮಾಲಿನ ಹೆಸರು ತಾನಾಗೇ ಬದಲಾಗತೈತಿ.”

ಬನಶಂಕರಿಗೆ ಅದು ಚೆನ್ನಾಗಿ ಗೊತ್ತಿತ್ತು. ಹಳೆಯ ಕೈಕಸುಬುಗಳಿಗೆ ಕೊಟ್ಟಿದ್ದ ಹತ್ತು ವರ್ಷದ ರಿಯಾಯಿತಿ ಈ ಯುಗಾದಿಗೆ ಮುಗಿದಿತ್ತು. ಈಗ ಮೂರು ಸಲ ಹಳದಿ ಬಂದರೆ ‘ಇಳಕಲ್ ಸೀರೆ’ ಎಂಬ ಹೆಸರು ಈ ಸೀರೆಗಳಿಂದ ಕಳಚಿ ಬೀಳುತ್ತದೆ. ತಮಾಷೆಯೆಂದರೆ, ಹಿಂದಿನ ದಿನವಷ್ಟೇ ದೂರದ ಊರಿನ ವಿದ್ಯುತ್ ಮಗ್ಗದಲ್ಲಿ ನೆಯ್ದ ನಕಲಿ ಸೀರೆಗಳು ಇದೇ ಕಮಾನಿನಡಿ ಹಸಿರು ಹತ್ತಿಸಿಕೊಂಡು ಜಂಬದಿಂದ ಹೋಗಿದ್ದವು. ಹೆಸರು ಇನ್ನು ಅವುಗಳ ಪಾಲಿಗೆ.

“ಕಾರಣ ಕೇಳೋಣೇನ್ರಿ ಮೇಡಂ?”

ರೇಣುಕಾ ಗುಂಡಿ ಒತ್ತಿದಳು. ಪರದೆಯ ಮೇಲೆ ಸೀರೆಯ ಚಿತ್ರ ಅರಳಿತು. ಒಡಲಿನ ಹತ್ತಿ ನೂಲು ನೀಲಿ, ಸೆರಗಿನ ರೇಷ್ಮೆ ನೂಲು ಕೆಂಪು. ಎರಡೂ ಸೇರುವಲ್ಲಿ ಒಂದು ಸಣ್ಣ ಸಾಲು, ನೂಲಿನೊಳಗೆ ನೂಲು ಸಿಕ್ಕಿಸಿದ ಸಾವಿರಾರು ಕೊಂಡಿಗಳು. ಕೆಳಗೆ ಬರಹ: ‘ಎರಡು ತುಂಡುಗಳನ್ನು ಜೋಡಿಸಿ ಮಾಡಿದ ಉಡುಪು. ಒಂದೇ ನೇಯ್ಗೆಯ ಬಟ್ಟೆ ಅಲ್ಲ, ಆದ್ದರಿಂದ ಸೀರೆಯಲ್ಲ.’ ಅದರ ಕೆಳಗೆ: ‘ಆಧಾರ: ಇಳಕಲ್, ಮಹಿಳೆ, ಧ್ವನಿ ಸಂಖ್ಯೆ ಏಳು.’

ರೇಣುಕಾ ಅದನ್ನೂ ಒತ್ತಿದಳು. ಹನ್ನೊಂದು ವರ್ಷದ ಹಿಂದಿನ ಒಂದು ದನಿ ಕೊಠಡಿಯನ್ನು ತುಂಬಿತು. ಹಿನ್ನೆಲೆಯಲ್ಲಿ ಮಗ್ಗದ ಸದ್ದು.

“ನಮ್ಮ ಸೀರಿ ಖರೇನೋ ಖೊಟ್ಟಿನೋ ಅಂತ ಹೆಂಗ ಗುರ್ತ ಹಿಡಿಯೂದು ಅಂದ್ರಿ? ಭಾಳ ಸರಳ ಐತ್ರಿ. ಒಡಲಾ ಬ್ಯಾರೆ, ಸೆರಗಾ ಬ್ಯಾರೆ. ಎರಡೂ ಬ್ಯಾರೆ ಬ್ಯಾರೆ ಮಾಡಿ ಕೊಂಡಿ ಹಾಕಿ ಕೂಡಿಸಿರ್ತೀವಿ. ಕೊಂಡಿ ಇದ್ರ ಖರೆ, ಇಲ್ಲಂದ್ರ ಖೊಟ್ಟಿ.”

“ಎಷ್ಟ್ ಚಲೋ ಹೇಳ್ಯಾಳ ನೋಡ್ರಿ, ಯಾರೋ ಏನೋ,” ಅಂದಳು ರೇಣುಕಾ.

ಅದು ಬನಶಂಕರಿಯದೇ ದನಿ. ಆಗ ಹೊಸ್ತಿಲಿಗೆ ಪಾಠ ಹೇಳಲು ಊರೂರಿಗೆ ಜನ ಬಂದಿದ್ದರು. ಕಸುಬುದಾರರ ಮಾತನ್ನು ಧ್ವನಿಮುದ್ರಣ ಮಾಡಿಕೊಂಡು ಹೋಗಿದ್ದರು. ಹೆಸರು ಬರೆದುಕೊಂಡಿರಲಿಲ್ಲ. ಅವಳು ಬಿಂಕದಿಂದ ಹೇಳಿದ್ದಳು, ಹೇಳಿ ಚಹಾ ಕುಡಿಸಿ ಕಳಿಸಿದ್ದಳು, ಆಮೇಲೆ ಮರೆತೂ ಬಿಟ್ಟಿದ್ದಳು. ಈಗ ತಾನೇ ಕಲಿಸಿದ ಪಾಠವನ್ನು ಯಂತ್ರ ತನಗೇ ಒಪ್ಪಿಸುತ್ತಿತ್ತು. ಅವಳು ತುಟಿ ಬಿಚ್ಚಲಿಲ್ಲ.

ಯಾಕೆ ಬಿಚ್ಚಲಿಲ್ಲವೆಂದರೆ, ಒಕ್ಕೂಟದ ಕಾನೂನಿನ ಎಂಬತ್ತನೆಯ ವಿಧಿ ಅವಳಿಗೆ ಬಾಯಿಪಾಠವಾಗಿತ್ತು. ಹೊಸ್ತಿಲಿಗೆ ಪಾಠ ಹೇಳಿದವರು ಹೊಸ್ತಿಲು ಕಾಯುವಂತಿಲ್ಲ. ಸಾಕ್ಷಿ ನುಡಿದವರೇ ನ್ಯಾಯ ಹೇಳಲು ಕೂರಬಾರದೆಂಬ ಹಾಗೆ ಅದು ಸರಿಯಾದ ನಿಯಮವೇ. ಪರೀಕ್ಷೆಯಲ್ಲಿ ಅದನ್ನು ಹೊಗಳಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕವನ್ನೂ ತೆಗೆದುಕೊಂಡಿದ್ದಳು.

ಸಂಜೆ ಮನೆಗೆ ಬರುವಾಗ ಓಣಿಯಲ್ಲಿ ಒಂದು ಮನೆಯ ಮುಂದೆ ನಿಂತಳು. ಒಳಗೆ ಹೊಸ ಮಗ್ಗ ಹೂಡಿದ್ದರು. ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲು, ಈ ತುದಿಯಿಂದ ಆ ತುದಿಗೆ ಒಂದೇ ಸಮ, ಕೊಂಡಿಯ ಸುದ್ದಿಯೇ ಇಲ್ಲ. ಹೀಗೆ ನೆಯ್ದರೆ ಹೊಸ್ತಿಲು ಒಪ್ಪುತ್ತದಂತೆ. ಒಕ್ಕೂಟದ ತುಂಬ ಹೀಗೇ ನಡೆದಿತ್ತು. ಜನ ಮಾಡುವ ವಸ್ತುವನ್ನು ಹೊಸ್ತಿಲಿನ ಕಣ್ಣಿಗೆ ತಕ್ಕಂತೆ ತಿದ್ದಿಕೊಳ್ಳುತ್ತಿದ್ದರು. ಎಲ್ಲೋ ಒಂದು ದ್ವೀಪದಲ್ಲಿ ಮಡಕೆಗೆ ಕಿವಿ ಇಡುವುದನ್ನೇ ಬಿಟ್ಟಿದ್ದರಂತೆ, ಕಿವಿಯಿಟ್ಟರೆ ಹಳದಿ ಬರುತ್ತದೆಂದು. ಯಾರೂ ಅತ್ತಿರಲಿಲ್ಲ, ಯಾರೂ ಜಗಳ ಆಡಿರಲಿಲ್ಲ. ಹೊಂದಿಕೊಂಡಿದ್ದರು, ಅಷ್ಟೇ.

ಮನೆಯಲ್ಲಿ ತಾಯಿ ಸಂಗವ್ವ ಎರಡು ಗೂಟಗಳ ನಡುವೆ ನೂಲು ಕಟ್ಟಿಕೊಂಡು ಕೊಂಡಿ ಹಾಕುತ್ತಿದ್ದಳು. ಎಪ್ಪತ್ತೊಂದು ವರ್ಷದ ಮುದುಕಿ. ಕನ್ನಡಕ ಮೂಗಿನ ತುದಿಯಲ್ಲಿದ್ದರೂ ಅದರ ಮೂಲಕ ನೋಡುತ್ತಿರಲಿಲ್ಲ, ಬೆರಳೇ ಎಲ್ಲ ನೋಡುತ್ತಿತ್ತು.

“ಹಳದಿ ಬಂತಂತ?” ಕೇಳಿದಳು.

“ಹೂಂ ಯವ್ವಾ.”

“ಬಸಲಿಂಗಪ್ಪನ ಮನ್ಯಾಗ ಕೊಂಡಿ ಬಿಟ್ಟಾರ. ಆ ಕಡೆ ಮನಿಯವರೂ ಬಿಡ್ತಾರಂತ. ನನ್ನನ್ನ ಕೇಳಾಕ ಬಂದಿದ್ರು, ಏನ್ ಮಾಡೂಣು ದೊಡ್ಡವ್ವಾ ಅಂತ. ನಮ್ಮ ಹುಡುಗಿ ಕಾಯ್ದೆ ಓದ್ಯಾಳ, ಆಕೀನ ಕೇಳಿ ಹೇಳ್ತೀನಿ ಅಂದೀನಿ.”

ಬನಶಂಕರಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು. ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು.

ಮಾರನೆಯ ದಿನ ಅವಳು ಬಾಗಲಕೋಟೆಗೆ ಹೋಗಿ ಮನಿಯಾರ ಸರ್ ಅವರನ್ನು ಕಂಡಳು. ಒಕ್ಕೂಟದ ಕಾನೂನು ಕಲಿಸುವ ಮೇಷ್ಟ್ರು. ನಿವೃತ್ತಿಗೆ ಒಂದು ವರ್ಷ ಬಾಕಿ. ತರಗತಿಯಲ್ಲಿ ಅವರದ್ದೊಂದು ಹಟವಿತ್ತು. ಮೂಲ ಒಪ್ಪಂದದ ಮೂವತ್ತೊಂದನೆಯ ವಿಧಿಯೊಂದೇ ಕಾನೂನು, ಉಳಿದ ನಲವತ್ತು ಸಾವಿರ ಪುಟ ಅದಕ್ಕೆ ಹಾಕಿದ ಅಂಗಿ ಎನ್ನುತ್ತಿದ್ದರು. ಆ ವಿಧಿಯ ಪ್ರಕಾರ ಒಕ್ಕೂಟದ ಯಾವ ಪ್ರಜೆಯೂ ಜಂಜಿಬಾರಿನ ದೊಡ್ಡ ನ್ಯಾಯಾಲಯಕ್ಕೆ ಒಂದು ಪ್ರಶ್ನೆ ಕಳಿಸಬಹುದು: ಈ ಕಾನೂನಿನ ಅರ್ಥವೇನು? ಪ್ರಶ್ನೆ ಹೋದ ಗಳಿಗೆಯಿಂದ ಉತ್ತರ ಬರುವವರೆಗೆ ಹೊಸ್ತಿಲು ಆ ವಿಷಯದಲ್ಲಿ ತುಟಿಪಿಟಕ್ಕೆನ್ನುವಂತಿಲ್ಲ. ಒಂಬತ್ತು ವರ್ಷದಿಂದ ಒಬ್ಬರೂ ಪ್ರಶ್ನೆ ಕಳಿಸಿರಲಿಲ್ಲ. ಹೊಸ್ತಿಲೇ ಎಲ್ಲದಕ್ಕೂ ಉತ್ತರ ಕೊಡುವಾಗ ಪ್ರಶ್ನೆ ಹುಟ್ಟುವುದೆಲ್ಲಿಂದ?

ಬನಶಂಕರಿ ಎಲ್ಲವನ್ನೂ ಹೇಳಿದಳು, ದನಿಯ ವಿಷಯವನ್ನೂ.

ಮೇಷ್ಟ್ರು ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು. “ಪ್ರಶ್ನೆ ಯಾರ ಬೇಕಾದ್ರೂ ಕಳಸಬಹುದ್ರಿ ಬನಶಂಕರಿಯವ್ರ. ಆದ್ರ ಆಧಾರ ತಪ್ಪೈತಿ ಅಂತ ಹೇಳಬೇಕಂದ್ರ ಆ ಮಾತು ಆಡಿದವ್ರೇ ಬರಬೇಕು. ಬ್ಯಾರೆಯವ್ರು ಹೇಳಿದ್ರ ಹತ್ತ ನಿಮಿಷಕ್ಕ ವಾಪಸ್ ಕಳಸ್ತಾರ.”

“ನಾನು ಬರದ ಕೊಟ್ರ ಕುರ್ಚಿ ಹೋಗತೈತ್ರಿ ಸರ್.”

“ಹೋಗತೈತಿ.”

“ಸುಮ್ನಿದ್ರ?”

“ಸುಮ್ನಿದ್ರ ಯಾರಿಗೂ ಗೊತ್ತಾಗೂದಿಲ್ಲ. ನನಗೂ ಮರ್ತು ಹೋಗತೈತಿ, ವಯಸ್ಸಾತು.” ಆಮೇಲೆ ದನಿ ತಗ್ಗಿಸಿ ಕೇಳಿದರು, “ಆದ್ರ ಪ್ರಶ್ನೆ ಏನಂತ ಕೇಳ್ತೀರಿ? ಒಂದ ವಾಕ್ಯ ಇರಬೇಕು. ಊರ ಹೆಸರು, ಮಾಲಿನ ಹೆಸರು ಬರೂಹಂಗಿಲ್ಲ. ಇಪ್ಪತ್ತಮೂರೂ ದೇಶಕ್ಕ ಹೊಂದಬೇಕು. ನಮ್ಮ ಸೀರಿಗೆ ಅನ್ಯಾಯ ಆಗೇದ ಅನ್ನೂದು ಪ್ರಶ್ನೆ ಅಲ್ಲ, ದೂರು.”

ಬಸ್ಸಿನಲ್ಲಿ ಅವಳು ಏಳು ಪ್ರಶ್ನೆ ಬರೆದಳು, ಏಳನ್ನೂ ಹೊಡೆದು ಹಾಕಿದಳು. ಎಲ್ಲವೂ ದೂರುಗಳೇ. ನಿಜ ಹೇಳಬೇಕೆಂದರೆ ಒಳಗೊಳಗೇ ಸಮಾಧಾನವೂ ಆಗುತ್ತಿತ್ತು. ಪ್ರಶ್ನೆಯೇ ಹೊಳೆಯದಿದ್ದರೆ ಕುರ್ಚಿ ಬಿಡುವ ಮಾತೂ ಬರುವುದಿಲ್ಲವಲ್ಲ! ಆ ಸಮಾಧಾನಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಮೂರನೆಯ ವ್ಯಾನು ಹೊರಡಲು ನಾಲ್ಕು ದಿನವಿತ್ತು. ಬೆಳಿಗ್ಗೆ ಅವಳು ರಜೆ ಹಾಕಿ ತಾಯಿಯ ಎದುರು ಕೂತಳು. ಸಂಗವ್ವನ ಎಡಗೈಯಲ್ಲಿ ಸೆರಗಿನ ಕೆಂಪು ರೇಷ್ಮೆ, ಬಲಗೈಯಲ್ಲಿ ಒಡಲಿನ ಹತ್ತಿ. ಒಂದರ ತುದಿಯನ್ನು ಮಡಚಿ ಇನ್ನೊಂದನ್ನು ಅದರೊಳಗೆ ಹಾಯಿಸಿ ಎಳೆದಳು. ಒಂದು ಕೊಂಡಿ. ಮತ್ತೆ ಇನ್ನೊಂದು. ಒಂದು ಸೀರೆಗೆ ಇಂಥವು ಸಾವಿರಾರು. ಹಾಗಾಗಿ ಒಂದು ಸಲಕ್ಕೆ ಒಂದೇ ಸೀರೆಯ ಹಾಸು.

“ಯವ್ವಾ, ಈಗ ಇದು ಎಷ್ಟು ತುಂಡು?”

“ಮಾತಾಡಸಬ್ಯಾಡ, ಎಣಿಕಿ ತಪ್ಪತೈತಿ.”

“ಹೇಳ ಯವ್ವಾ. ಎರಡು ತುಂಡು ಕೂಡಸಾಕತ್ತೀಯಲ್ಲ?”

ಸಂಗವ್ವ ಕೈ ನಿಲ್ಲಿಸಿ ಮಗಳನ್ನು ನೋಡಿದಳು, ಹುಚ್ಚು ಹಿಡಿದವರನ್ನು ನೋಡುವ ಹಾಗೆ. “ಯಾವ ತುಂಡು? ಇನ್ನೂ ಬಟ್ಟೀನ ಆಗಿಲ್ಲ, ತುಂಡು ಎಲ್ಲಿಂದ ಬಂತ? ಇದು ಬರೇ ನೂಲು. ಕೊಂಡಿ ಹಾಕಿ, ಮಗ್ಗಕ್ಕ ಹೂಡಿ, ಆಮ್ಯಾಲೆ ನೇಯೂದು. ಕಾಯ್ದೆ ಓದಿ ಓದಿ ಮನಿ ಕೆಲಸ ಮರ್ತೀಯೇನ?”

ಹನ್ನೊಂದು ವರ್ಷದ ಹಿಂದೆ ಬನಶಂಕರಿ ಹೇಳದೆ ಬಿಟ್ಟದ್ದು ಇದೇ. ಎರಡು ಬೇರೆ ಎಂದಿದ್ದಳು, ಕೂಡಿಸುತ್ತೇವೆ ಎಂದಿದ್ದಳು. ಕೂಡಿಸುವುದು ನೇಯುವ ಮೊದಲು ಎಂದು ಹೇಳಿರಲಿಲ್ಲ. ಇಳಕಲ್ಲಿನಲ್ಲಿ ಅದನ್ನು ಯಾರು ಯಾರಿಗೆ ಹೇಳುತ್ತಾರೆ? ಹುಟ್ಟಿದ ಮಗುವಿಗೂ ಗೊತ್ತಿರುವ ಸಂಗತಿ. ಹೊಸ್ತಿಲಿಗೆ ಗೊತ್ತಿರಲಿಲ್ಲ. ಅದು ಬಟ್ಟೆಯಲ್ಲಿ ಇರುವುದೆಲ್ಲವನ್ನೂ ನೋಡುತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಬಟ್ಟೆಯಲ್ಲಿ ಇರುವುದಿಲ್ಲ.

“ಯವ್ವಾ,” ಅಂದಳು, “ಆ ಹಳದಿ ದೀಪ ನನ್ನಿಂದ ಹತ್ತೈತಿ.” ಹೇಳತೊಡಗಿದ ಮೇಲೆ ನಿಲ್ಲಿಸಲಾಗಲಿಲ್ಲ. ದನಿ, ವಿಧಿ, ಕುರ್ಚಿ, ಬಸ್ಸಿನಲ್ಲಿ ಆದ ಸಮಾಧಾನ, ಎಲ್ಲವನ್ನೂ ಹೇಳಿದಳು. ಹೇಳುತ್ತ ಅತ್ತಳು.

ಸಂಗವ್ವ ನೂಲನ್ನು ಜೋಪಾನವಾಗಿ ಗೂಟಕ್ಕೆ ಸುತ್ತಿದಳು. “ಕೊಂಡಿ ಇದ್ರ ಖರೆ, ಇಲ್ಲಂದ್ರ ಖೊಟ್ಟಿ. ಆ ಮಾತು ನಿನಗ ಕಲಿಸಿದಾಕಿ ಯಾರು? ನಾನ. ನನಗ ನಮ್ಮತ್ತಿ. ತಪ್ಪು ನಿನ್ನದೊಂದ ಅಂತ ಯಾಕ ತಿಳಕೋತಿ? ದೊಡ್ಡ ಬಿಂಕ ನಿಂದು.” ಮಗಳ ಕಡೆ ತಿರುಗಿ, “ಕುರ್ಚಿ ಬಿಟ್ರ ನಿನಗ ಸಂಕಟ ಆಗತೈತಲ್ಲ?” ಎಂದಳು.

“ಭಾಳ ಆಗತೈತಿ.”

“ಆಗಲಿ. ಅಳೂದು ಮುಗಿಸಿ ಬಾ, ಊಟ ಮಾಡು. ಆಮ್ಯಾಲೆ ನಿನಗ ತಿಳಿದಂಗ ಮಾಡು.”

ಊಟ ಮಾಡಿ ಬನಶಂಕರಿ ಒಣಬಂದರಿಗೆ ಹೋದಳು. ರೇಣುಕಾಳ ಎದುರೇ ಧ್ವನಿ ಸಂಖ್ಯೆ ಏಳು ತನ್ನದೆಂದು ಬರೆದು ಸಹಿ ಹಾಕಿದಳು. ರೇಣುಕಾ ಕಾಗದವನ್ನು ಎರಡು ಸಲ ಓದಿದಳು. “ಬನಕ್ಕ, ಎಂಬತ್ತನೇ ವಿಧಿ ಗೊತ್ತೈತಿಲ್ರಿ?” “ಗೊತ್ತೈತ್ರಿ.” ಬನಶಂಕರಿ ಸಹಿಯ ಕೆಳಗೆ ಪ್ರಶ್ನೆ ಬರೆದಳು. ಈ ಸಲ ಹೊಡೆದು ಹಾಕುವ ಅಗತ್ಯ ಬೀಳಲಿಲ್ಲ:

‘ಸೇರಿಸುವ ಹೊತ್ತಿಗೆ ತುಂಡುಗಳೇ ಇಲ್ಲದಿದ್ದರೆ, ಆಮೇಲೆ ಆದ ವಸ್ತುವನ್ನು ತುಂಡುಗಳಿಂದ ಜೋಡಿಸಿದ್ದೆಂದು ಕರೆಯಬಹುದೇ?’

ಕಳಿಸುವ ಗುಂಡಿ ಒಂಬತ್ತು ವರ್ಷದಿಂದ ಯಾರೂ ಮುಟ್ಟದೆ ಧೂಳು ಹಿಡಿದಿತ್ತು. ಸೆರಗಿನ ತುದಿಯಿಂದ ಒರೆಸಿ ಒತ್ತಿದಳು. ಪರದೆಯ ಮೇಲೆ, ಇಪ್ಪತ್ತಮೂರು ದೇಶಗಳ ಎಲ್ಲ ಹೊಸ್ತಿಲುಗಳ ಹೆಸರಿನ ಎದುರೂ ಒಂದೇ ಸಾಲು ಮೂಡಿತು: ‘ಈ ವಿಷಯ ನನಗೆ ಗೊತ್ತಿಲ್ಲ. ಕೇಳಲಾಗಿದೆ.’ ಎಲ್ಲ ಗೊತ್ತೆನ್ನುತ್ತಿದ್ದ ಯಂತ್ರ ಹಾಗೆ ಹೇಳಿದ್ದನ್ನು ನೋಡಿ ರೇಣುಕಾ ಕೂತಲ್ಲಿಂದ ಎದ್ದು ನಿಂತಳು.

ಹನ್ನೆರಡು ದಿನದ ಮೇಲೆ, ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆ ಆಯಿತು. ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಜಂಜಿಬಾರಿನ ಐವರು ನ್ಯಾಯಮೂರ್ತಿಗಳು. ಅವರ ಮಾತು ಯಂತ್ರದ ಮೂಲಕ ಅಚ್ಚುಕಟ್ಟಾದ ಪುಸ್ತಕದ ಕನ್ನಡವಾಗಿ ಬರುತ್ತಿತ್ತು. ಮನಿಯಾರ ಸರ್ ಹೊಸ ಕೋಟು ಹಾಕಿಕೊಂಡು ಹಿಂದೆ ಕೂತಿದ್ದರು. ಇಡೀ ಆಯುಷ್ಯ ಕಲಿಸಿದ ವಿಧಿ ಕಣ್ಣೆದುರು ನಡೆಯುವುದನ್ನು ಅವರು ಮೊದಲ ಸಲ ನೋಡುತ್ತಿದ್ದರು. ಬನಶಂಕರಿ ವಾದ ಮಾಡಲಿಲ್ಲ. ಕಾನೂನಿನ ಮಾತನ್ನು ಎರಡು ನಿಮಿಷದಲ್ಲಿ ಮುಗಿಸಿ, “ಇವರು ಮಾಡಿ ತೋರಿಸುತ್ತಾರೆ” ಎಂದು ತಾಯಿಯ ಕಡೆ ಕೈ ತೋರಿಸಿದಳು.

ಸಂಗವ್ವ ಎರಡು ಗೂಟ ನಿಲ್ಲಿಸಿಕೊಂಡು ನೆಲದ ಮೇಲೆ ಕೂತಳು. ಅರ್ಧ ಗಂಟೆ ಕೊಂಡಿ ಹಾಕಿದಳು. ಒಂದು ಸಮುದ್ರದಾಚೆ ಐವರು ದೊಡ್ಡ ಮನುಷ್ಯರು ಅದನ್ನೇ ನೋಡಿದರು. ಕೊನೆಗೆ ಮಡಗಾಸ್ಕರಿನ ನ್ಯಾಯಮೂರ್ತಿ ರಸುವಾ ಎಂಬಾಕೆ ಮುಂದೆ ಬಾಗಿ ಕೇಳಿದರು, “ತಾಯಿ, ಈಗ ಈ ಕೊಂಡಿಗಳನ್ನು ಬಿಚ್ಚಿದರೆ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ?”

“ನೂಲು ಉಳೀತೈತ್ರಿ.”

“ನೆಯ್ದ ಮೇಲೆ ಬಿಚ್ಚಿದರೆ?”

“ಬಿಚ್ಚಾಕ ಬರೂದಿಲ್ರಿ. ಕತ್ತರಸಬೇಕು. ಕತ್ತರಿಸಿದ್ರ ಹರಕ ಸೀರಿ ಉಳೀತೈತಿ.” ಮುದುಕಿ ಕನ್ನಡಕ ಸರಿಮಾಡಿಕೊಂಡು ಆಕೆಯನ್ನು ದಿಟ್ಟಿಸಿದಳು. “ನಿಮ್ಮ ಮನ್ಯಾಗ ಯಾರಾದ್ರೂ ನೇಯತಿದ್ರೇನ್ರಿ? ಕೈ ನೋಡಾಕತ್ತೀರಿ, ಮುಖ ನೋಡಲಿಲ್ಲ.”

ಯಂತ್ರ ಅದನ್ನು ಅನುವಾದಿಸಿತು. ರಸುವಾ ನಕ್ಕರು. ತಮ್ಮ ಅಜ್ಜಿ ನೇಯುತ್ತಿದ್ದರು ಎಂದರು.

ತೀರ್ಪು ಒಂದು ವಾರಕ್ಕೆ ಬಂತು; ಹೆಚ್ಚು ಉದ್ದವಿರಲಿಲ್ಲ. ತುಂಡುಗಳಿದ್ದರೆ ಮಾತ್ರ ಜೋಡಣೆ. ಹಿಂದಿನ ಎರಡು ಹಳದಿಗಳು ರದ್ದು. ಮುಂದೆ, ಮಾಲನ್ನು ನೋಡಿ ಯಾವುದು ಮೊದಲು ಯಾವುದು ಆಮೇಲೆ ಎಂದು ತಿಳಿಯದಿದ್ದಲ್ಲಿ, ಹೊಸ್ತಿಲು ಅದನ್ನು ಮಾಡಿದವರನ್ನೇ ಕೇಳತಕ್ಕದ್ದು. ಮತ್ತು ಅವರು ಹೇಳಿ ಮುಗಿಸುವವರೆಗೆ ಕಾಯತಕ್ಕದ್ದು. ಆ ಕೊನೆಯ ಸಾಲನ್ನು ಬರೆದವರು ರಸುವಾ ಅವರೇ ಎಂದು ಮನಿಯಾರ ಸರ್ ಆಣೆ ಮಾಡಿ ಹೇಳುತ್ತಿದ್ದರು.

ಅದೇ ಟಪಾಲಿನಲ್ಲಿ ಇನ್ನೊಂದು ಕಾಗದವೂ ಬಂತು. ಎಂಬತ್ತನೆಯ ವಿಧಿಯ ಪ್ರಕಾರ ಬನಶಂಕರಿಯ ಹೆಸರನ್ನು ಹೊಸ್ತಿಲಧಿಕಾರಿಗಳ ಪಟ್ಟಿಯಿಂದ ಶಾಶ್ವತವಾಗಿ ತೆಗೆಯಲಾಗಿದೆ. ಬರುತ್ತದೆಂದು ಗೊತ್ತಿದ್ದರೂ ಅದನ್ನು ಓದಿದ ದಿನ ಅವಳಿಗೆ ಊಟ ಸೇರಲಿಲ್ಲ.

ಯುಗಾದಿಯ ನಂತರದ ಮೂರನೆಯ ವ್ಯಾನು ಕೊನೆಗೂ ಹೊರಟಾಗ ಅವಳು ಅದರೊಟ್ಟಿಗೆ ಹೋದಳು. ಈ ಸಲ ಗಾಜಿನ ಆಚೆಗಲ್ಲ, ಈಚೆಗೆ, ಸಾಲಿನಲ್ಲಿ. ಸಂಗವ್ವ ಚಾಲಕನ ಪಕ್ಕ ಕೂತಿದ್ದಳು, ಮಾಡಿದವರು ಬರಬೇಕಲ್ಲ. ಒಳಗೆ ಕುರ್ಚಿ ಕಾಣುತ್ತಿತ್ತು, ಅದರ ಬೆನ್ನ ಮೇಲೆ ಸೆರಗಿನ ತುಂಡು ಹಾಗೇ ಇತ್ತು. ರೇಣುಕಾ ತೆಗೆದಿರಲಿಲ್ಲ. ಬನಶಂಕರಿ ಅದನ್ನೊಮ್ಮೆ ನೋಡಿ ಮುಂದಕ್ಕೆ ತಿರುಗಿದಳು.

ವ್ಯಾನು ಕಮಾನಿನಡಿ ನಿಂತಿತು. ಎರಡು, ಮೂರು, ನಾಲ್ಕು. ಯಾವ ದೀಪವೂ ಹತ್ತಲಿಲ್ಲ. ಕಮಾನಿನ ಒಳಗಿಂದ ಒಂದು ದನಿ, ಕಟ್ಟಿದಾಗಿನಿಂದ ಒಂದು ಸಲವೂ ಬಾಯಿಬಿಟ್ಟು ಮಾತಾಡದಿದ್ದ ಹೊಸ್ತಿಲಿನ ದನಿ, ಕೇಳಿತು:

“ಯಾವುದು ಮೊದಲು?”

ಸಂಗವ್ವ ಸೆರಗು ಸರಿಮಾಡಿಕೊಂಡು ಕೆಳಗಿಳಿದಳು. “ಮೊದಲು ಕೊಂಡಿನಪಾ, ಆಮ್ಯಾಲೆ ಸೀರಿ,” ಎಂದಳು.

ಹೊಸ್ತಿಲಿಗೆ ಬೇಕಾದ ಉತ್ತರ ಅಷ್ಟರಲ್ಲೇ ಸಿಕ್ಕಿತ್ತು. ಗಾಜಿನ ಹಿಂದಿನ ಪರದೆಯಲ್ಲಿ ಅದು ಮೂಡಿದ್ದನ್ನೂ ರೇಣುಕಾ ನೋಡಿದಳು. ಆದರೆ ಮುದುಕಿ ನಿಲ್ಲಿಸಲಿಲ್ಲ. ನೂಲು ಎಲ್ಲಿಂದ ಬರುತ್ತದೆ ಎಂದು ಹೇಳಿದಳು, ಗಂಜಿ ಹೇಗೆ ಹಾಕಬೇಕು ಎಂದು ಹೇಳಿದಳು, ತನ್ನ ಅತ್ತೆ ಎಷ್ಟು ಜೋರಿನವಳು, ಒಂದು ಕೊಂಡಿ ತಪ್ಪಿದರೆ ಹೇಗೆ ಇಡೀ ಸಾಲು ಬಿಚ್ಚಿಸುತ್ತಿದ್ದಳು ಎಂದು ಹೇಳಿದಳು. ಹಿಂದೆ ಗ್ರಾನೈಟ್ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆದವು. ಒಬ್ಬ ಚಾಲಕ ಇಳಿದು ಬಂದು, ನಿಂತು ಕೇಳತೊಡಗಿದ. ಹೊಸ್ತಿಲು ಕಾಯಿತು. ಕಾಯಲೇಬೇಕೆಂದು ಇಪ್ಪತ್ತಮೂರು ದೇಶಗಳ ಕಾನೂನು ಅದಕ್ಕೆ ಹೇಳಿತ್ತು.

ಹನ್ನೊಂದು ನಿಮಿಷ ಕಳೆಯಿತು. ಸಂಗವ್ವ ಉಸಿರು ತೆಗೆದುಕೊಂಡು, ಇನ್ನೇನಾದರೂ ಬಿಟ್ಟಿತೇ ಎಂದು ಮಗಳ ಕಡೆ ನೋಡಿದಳು. ಬನಶಂಕರಿ ಇಲ್ಲವೆಂದು ತಲೆಯಾಡಿಸಿದಳು.

“ಅಷ್ಟನಪಾ. ಮುಗೀತು,” ಅಂದಳು ಸಂಗವ್ವ ಕಮಾನಿಗೆ. “ಇನ್ನ ದೀಪಾ ಹಚ್ಚು.”

ಹಸಿರು ಹತ್ತಿತು.